ಒಂದೇ ಸೀಟಿನ ಬೈಕು

ಗಂಡನ ಬೈಕಿನ ಹಿಂದೆ ಕೂತು, ಒಂದು ಕೈಯಲ್ಲಿ ಅವನ ಭುಜ, ಇನ್ನೊಂದು ಕೈಯಲ್ಲಿ ತರಕಾರಿ ಚೀಲ ಹಿಡಿದು ಹೋಗುವ ಹೆಂಗಸರನ್ನು ಕಂಡರೆ ನನಗೆ ಈ ವಯಸ್ಸಿನಲ್ಲೂ ಹೊಟ್ಟೆಕಿಚ್ಚು. ಅರವತ್ತು ದಾಟಿದವಳು ಹೇಳಿಕೊಳ್ಳುವ ಮಾತಲ್ಲ, ಆದರೆ ನಿಜ. ಬೈಕು ನಮ್ಮ ಮನೆಯಲ್ಲೂ ಇದೆ. ನಮ್ಮವರು ಹರೆಯದಲ್ಲಿ ಮದರಾಸಿನ ಕಡೆಯ ರೇಸುಗಳಿಗೆ ಒಯ್ಯುತ್ತಿದ್ದ ಬೈಕು. ರೇಸಿನದಾದ್ದರಿಂದ ಅದಕ್ಕೆ ದೀಪವಿಲ್ಲ, ಹಾರ್ನ್ ಇಲ್ಲ, ಕಿಕ್ಕರ್ ಇಲ್ಲ. ಹಿಂದಿನ ಸೀಟಂತೂ ಇಲ್ಲವೇ ಇಲ್ಲ, ತೂಕ ಹೆಚ್ಚಾಗುತ್ತದಂತೆ. ಮದುವೆಯಾದ ಹೊಸದರಲ್ಲಿ, "ಮತ್ತೆ ನಾನೆಲ್ಲಿ ಕೂರಲಿ?" ಅಂತ ಕೇಳಿದ್ದೆ. "ನೀನು ಕೂರೋದಲ್ಲ ಸುಮಾ, ತಳ್ಳೋದು" ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ.

ತಮಾಷೆಯಾಗಿರಲಿಲ್ಲ. ಕಿಕ್ಕರ್ ಇಲ್ಲದ ಬೈಕನ್ನು ತಳ್ಳಿಯೇ ಸ್ಟಾರ್ಟ್ ಮಾಡಬೇಕು. ಹನುಮಂತನಗರದಲ್ಲಿ ನಮ್ಮ ರಸ್ತೆ ಒಳ್ಳೇ ಇಳಿಜಾರು. ಭಾನುವಾರ ಬೆಳಿಗ್ಗೆ ಅವರು ಕ್ಲಚ್ ಹಿಡಿದು ಮಹಾರಾಜರ ಹಾಗೆ ಕೂರುವರು. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ತಳ್ಳುತ್ತಾ ಓಡುವೆ. ವೇಗ ಬಂದೊಡನೆ ಅವರು ಕ್ಲಚ್ ಬಿಟ್ಟರೆ, ಎಂಜಿನ್ ಒಮ್ಮೆ ಕೆಮ್ಮಿ, ಒಮ್ಮೆ ಸೀನಿ, ಆಮೇಲೆ ಕಿರುಚಿಕೊಂಡು ಹೊರಟೇಬಿಡುತ್ತಿತ್ತು. ನಾನು ನೀಲಿ ಹೊಗೆಯಲ್ಲಿ ಕಳೆದುಹೋದ ಚಪ್ಪಲಿ ಹುಡುಕುತ್ತಾ ನಿಲ್ಲುತ್ತಿದ್ದೆ. ಪೆಟ್ರೋಲಿಗೆ ಹರಳೆಣ್ಣೆ ಬೆರೆತು ಸುಟ್ಟ ಆ ವಾಸನೆಯನ್ನು ಮಾತ್ರ ಏನಂತ ಹೇಳಲಿ! ಬೇರೆ ಹೆಂಗಸರಿಗೆ ಮಲ್ಲಿಗೆ ಇದ್ದ ಹಾಗೆ ನನಗದು. ಇಳಿಜಾರಿನ ಕೊನೆಯಲ್ಲಿ ಚಿಕ್ಕದಾಗುತ್ತಾ ಹೋಗುವ ಅವರ ಬೆನ್ನು ನೋಡುತ್ತಾ, ಅಲ್ಲಿ ಕೂತರೆ ಹೇಗಿರುತ್ತದೋ ಅಂತ ಯೋಚಿಸುತ್ತಿದ್ದೆ. ಗೇರಿನ ಸ್ಕೂಟರಿನಲ್ಲಿ ಶಾಲೆಗೆ ಹೋಗಿ ಪಾಠ ಮಾಡುತ್ತಿದ್ದ ಟೀಚರ್ ನಾನು, ಕ್ಲಚ್ಚೇನೂ ಹೊಸದಲ್ಲ. ಆದರೂ ಬಾಯಿಬಿಟ್ಟು ಕೇಳಲಿಲ್ಲ. ಅವರಿಗೂ ಹೊಳೆಯಲಿಲ್ಲ.

ರೇಸು ಎಂದೋ ನಿಂತುಹೋಯಿತು, ಭಾನುವಾರದ ಸವಾರಿ ನಿಂತಿರಲಿಲ್ಲ. ಹೋದ ವರ್ಷ ಅವರ ಸೊಂಟದ ಕೀಲು ಬದಲಾಯಿಸಿದರು. ಇನ್ನು ಬೈಕು ಮುಟ್ಟಕೂಡದು ಅಂದರು ಡಾಕ್ಟರು. ಬೈಕು ಹಳೇ ಬೆಡ್‌ಶೀಟು ಹೊದ್ದು ಪೋರ್ಟಿಕೋದಲ್ಲಿ ನಿಂತಿತು. ಇವರು ಅದರ ಪಕ್ಕದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತರು. ಪೇಪರಿನ ಪುಟ ತಿರುಗುತ್ತಿರಲಿಲ್ಲ. ಒಂದು ದಿನ ಕಾಫಿ ಕೊಡುವಾಗ, "ಯಾರಿಗಾದ್ರೂ ಕೊಟ್ಬಿಡೋಣ ಕಣೇ" ಅಂದರು. ಅವರ ಬಾಯಲ್ಲಿ ಈ ಮಾತು ಬಂತಲ್ಲ ಅಂತ, ಲೋಟ ಅಲ್ಲೇ ಇಟ್ಟು ಬೈಕಿನ ಮೇಲಿನ ಬೆಡ್‌ಶೀಟು ಎಳೆದೆ.

"ಸ್ಟಾರ್ಟೇ ಆಗದ ಗಾಡೀನ ಯಾರು ತಗೋತಾರೆ? ಮೊದಲು ಸ್ಟಾರ್ಟ್ ಮಾಡೋಣ" ಅಂದೆ.

ಟ್ಯಾಂಕಿನ ಮುಚ್ಚಳ ತೆಗೆದರೆ ಒಳಗಿನಿಂದ ಹಳೇ ವಾರ್ನಿಶ್ ವಾಸನೆ. "ಈಗಿನ ಪೆಟ್ರೋಲ್‌ಗೆ ಎಥನಾಲ್ ಬೆರೆಸ್ತಾರಲ್ಲ, ನಿಂತಲ್ಲೇ ನೀರು ಎಳ್ಕೊಳತ್ತೆ" ಎಂದು ಇವರು ನೆಟ್ಟಗೆ ಕೂತರು. ಎಷ್ಟೋ ತಿಂಗಳ ಮೇಲೆ ಆ ದನಿಯಲ್ಲಿ ಜೀವ ಬಂದಿತ್ತು. ಹಳೇ ಪೆಟ್ರೋಲು ಚೆಲ್ಲಿ, ಕಾರ್ಬ್ಯುರೇಟರ್ ಬಿಚ್ಚಿ ಊಟದ ಮೇಜಿಗೇ ತಂದೆ. ಎಂಜಿನ್ನಿಗೆ ಪೆಟ್ರೋಲು ಹೋಗುವ ಕೂದಲೆಳೆಯಷ್ಟು ತೂತು ಜೇನಿನಂಥ ಅಂಟಿನಿಂದ ಮುಚ್ಚಿಹೋಗಿತ್ತು. ಸೂಜಿ ತಂದರೆ, "ಅಯ್ಯೋ, ತೂತು ದೊಡ್ಡದಾಗತ್ತೆ!" ಅಂತ ಕೂಗಿದರು. ಕೊನೆಗೆ ಹಲ್ಲುಜ್ಜುವ ಬ್ರಶ್ಶಿನ ಒಂದು ಎಳೆ ಕಿತ್ತು ಚುಚ್ಚಿದೆ. ಆ ಬ್ರಶ್ಶು ಅವರದೇ ಅಂತ ಹೇಳಲಿಲ್ಲ.

ಭಾನುವಾರ ಟ್ಯಾಂಕಿಗೆ ಒಂದೇ ಒಂದು ಲೋಟ ಹೊಸ ಪೆಟ್ರೋಲು, ಲೆಕ್ಕದ ಹರಳೆಣ್ಣೆ ಬಿತ್ತು. ಸದ್ದು ಕೇಳಲು ಅಷ್ಟು ಸಾಕು ಅಂದರು. ಸಹಾಯಕ್ಕೆ ಮಹಡಿ ಮೇಲೆ ಬಾಡಿಗೆಗಿರುವ ಬಸವರಾಜ ಬಂದ. ಹುಬ್ಬಳ್ಳಿಯವನು, ಇಲ್ಲಿ ಬಟ್ಟೆ ವ್ಯಾಪಾರ. "ಹತ್ತಿ ಕೂರಿ ಬಸವರಾಜ್, ಸುಮಾ ತಳ್ತಾಳೆ" ಅಂದರು ಇವರು. ಅವನು ಎರಡು ಹೆಜ್ಜೆ ಹಿಂದೆ ಹೋದ. "ಬ್ಯಾಡ್ರೀ ಸರ್, ನನಗ ಸೈಕಲ್ಲೂ ನೆಟ್ಟಗ ಬರಂಗಿಲ್ಲ. ಬೇಕಾದ್ರ ಎಷ್ಟ್ ದೂರ ಬೇಕಾದ್ರೂ ತಳ್ತೀನಿ."

"ಮತ್ತೆ ಕೂರೋರು ಯಾರು?" ಅಂದರು ಇವರು.

"ನಾನು" ಅಂದೆ. ದನಿ ನನಗೇ ಪರಿಚಯವಿಲ್ಲದಷ್ಟು ಕೀಚಲಾಗಿತ್ತು.

ಇವರು ನನ್ನನ್ನು ಚೂಡಿದಾರದಿಂದ ವಾಕಿಂಗ್ ಶೂವರೆಗೆ ನೋಡಿದರು. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. "ಎರಡನೇ ಗೇರು ಹಾಕ್ಕೋ. ನಾನು 'ಬಿಡು' ಅಂದಾಗ ಕ್ಲಚ್ ಬಿಡು" ಅಂದರು.

ಮೊದಲ ಸಲ ಕೆಮ್ಮಿ ಸತ್ತಿತು. ಪೆಟ್ರೋಲು ಹೆಚ್ಚಾಗಿ ನುಗ್ಗಿ ಕಿಡಿ ಹಾರಿಸುವ ಪ್ಲಗ್ಗು ನೆಂದಿತ್ತು. ಅದನ್ನು ಬಿಚ್ಚಿ ಒಳಗೆ ಓಡಿ, ಒರೆಸಿ, ಹಾಲಿನ ಪಾತ್ರೆ ಇಳಿಸಿ, ಒಲೆಯ ಮೇಲೆ ಇಕ್ಕಳದಲ್ಲಿ ಹಿಡಿದು ಕಾಯಿಸಿದೆ. ಪ್ಲಗ್ಗು ಒಣಗಿತು, ಹಾಲು ಒಡೆಯಿತು. ಗಾಡಿಯನ್ನು ಮತ್ತೆ ಮೇಲಕ್ಕೆ ತಂದೆವು. ಬಸವರಾಜ ತಳ್ಳಿದ. ಗಾಳಿ ಮುಖಕ್ಕೆ ಬಂತು. ಹಿಂದಿನಿಂದ "ಬಿಡು!" ಅಂತ ಕೇಳಿತು. ಬಿಟ್ಟೆ.

ಎಂಜಿನ್ ಕೆಮ್ಮಿತು, ಸೀನಿತು, ಕಿರುಚಿತು. ಇಷ್ಟು ವರ್ಷ ನನ್ನನ್ನು ಬಿಟ್ಟು ದೂರ ಹೋಗುತ್ತಿದ್ದ ಆ ಸದ್ದು ಅವತ್ತು ನನ್ನ ಜೊತೆಗೇ ಬರುತ್ತಿತ್ತು. ತೊಡೆ, ಹಲ್ಲು, ಕನ್ನಡಕ ಎಲ್ಲ ನಡುಗುತ್ತಿದ್ದವು. ವಾಕಿಂಗ್ ಹೊರಟಿದ್ದ ಇಬ್ಬರು ಯಾರದೋ ಗೇಟಿನೊಳಗೆ ಹಾರಿದರು. ನಾನು "ಸಾರಿ ಅಂಕಲ್!" ಅಂತ ಕೂಗಿದೆ, ಅವರಿಬ್ಬರೂ ನನಗಿಂತ ಚಿಕ್ಕವರು. ಸೀಟು ಮಣೆಗಿಂತ ಗಟ್ಟಿ. ಆದರೂ ಆ ರಸ್ತೆ ಮುಗಿಯದೆ ಕನಕಪುರದವರೆಗೂ ಇಳಿಯುತ್ತಲೇ ಇರಲಿ ಅನ್ನಿಸಿತು.

ಇಳಿಜಾರು ಮುಗಿದು ಸಮತಟ್ಟಿಗೆ ಬಂದು ಸ್ವಲ್ಪ ದೂರದಲ್ಲೇ ಲೋಟದ ಪೆಟ್ರೋಲೂ ಮುಗಿಯಿತು. ತಿರುಗಿ ನೋಡಿದೆ. ರಸ್ತೆಯ ತುದಿಯಲ್ಲಿ ಕೋಲೂರಿ ನಿಂತ ಇವರು ಬಹಳ ಚಿಕ್ಕದಾಗಿ ಕಾಣುತ್ತಿದ್ದರು. ಕನ್ನಡಕ ತೆಗೆದು ಒರೆಸಿಕೊಂಡೆ. ಹರಳೆಣ್ಣೆ ಹೊಗೆಯೇ ಇರಬೇಕು.

ಬಸವರಾಜ ಓಡಿಬಂದು, "ಇಳೀರಿ ಅಕ್ಕಾರ, ನಾ ತಳ್ಕೊಂಡ್ ಬರ್ತೀನಿ" ಅಂದ.

"ಇಳಿಯಲ್ಲ ಬಸವರಾಜ್, ಹೀಗೇ ತಳ್ಳಿ" ಅಂದೆ. ಪಾಪ, ಆ ಏರಿನಲ್ಲಿ ತಳ್ಳಿದ.

ಗೇಟಿನ ಹತ್ತಿರ ಇವರು ಬೈಕಿನ ಟ್ಯಾಂಕಿನ ಮೇಲೆ ಕೈಯಿಟ್ಟರು. ಆಮೇಲೆ, "ಮೂರನೇ ಗೇರಿಗೆ ಹಾಕ್ಬೇಕಿತ್ತು ಸುಮಾ. ಅದರ ಸದ್ದೇ ಬೇರೆ" ಅಂದರು. ಕೊಟ್ಟುಬಿಡುವ ಮಾತು ಅಲ್ಲಿಂದ ಈಚೆಗೆ ಬಂದಿಲ್ಲ. ಈಗ ಪ್ರತಿ ಭಾನುವಾರ ನಾನು ಓಡಿಸುವುದು, ಅವರು ಕೇಳುವುದು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಅಂತ ವಿಚಾರಿಸಿದವರಿಗೆ, "ಪಾಪ, ಅವರ ಸಂತೋಷಕ್ಕೆ" ಅಂತ ನಿಟ್ಟುಸಿರು ಬಿಟ್ಟು ಹೇಳುತ್ತೇನೆ. ಎಲ್ಲರೂ ನನ್ನನ್ನು ಹೊಗಳುತ್ತಾರೆ. ಭಾನುವಾರ ಮಳೆ ಬಂದರೆ ಇಡೀ ವಾರ ಯಾರು ಮುಖ ಊದಿಸಿಕೊಂಡಿರುತ್ತಾರೆ ಅಂತ ಮಾತ್ರ ಅವರು ಯಾರೂ ಕೇಳಿಲ್ಲ.