ಆಯುಧಪೂಜೆಯ ದಿನ ನೆಗೆದ ಕಪ್ಪೆ

ಎಲ್ಲ ಅನರ್ಥಕ್ಕೂ ಕಾರಣ ಕೂದಲೆಳೆಯಷ್ಟು ಸಣ್ಣ ಒಂದು ತಂತಿ.

ಆಯುಧಪೂಜೆಯ ಬೆಳಗ್ಗೆ ಬಸವೇಶ್ವರನಗರದ ನಾಣಿ ಎಣ್ಣೆ ಸ್ನಾನ ಮುಗಿಸಿ, ತಾನೇ ಕೈಯಾರೆ ಕಟ್ಟಿದ ಅಂಗೈಯಗಲದ ವಿಡಿಯೋ ಗೇಮ್ ಯಂತ್ರವನ್ನು ಆನ್ ಮಾಡಿದ. ಪರದೆ ಬೆಳಗಿತು, ಸಂಗೀತ ಬಂತು, ಕೆರೆಯ ದಂಡೆಗೆ ಹಸಿರು ಕಪ್ಪೆ ಬಂದು ಕೂತಿತು. ನೆಗೆಯುವ ಗುಂಡಿ ಒತ್ತಿದ. ಕಪ್ಪೆ ನೆಗೆಯಲಿಲ್ಲ. ಮತ್ತೆ ಒತ್ತಿದ. ಅವನ ಆಫೀಸಿನ ಹಳೇ ಫೈಲಿನ ಹಾಗೆ ಅದು ಕೂತಲ್ಲೇ ಕೂತಿತ್ತು.

"ನಿನ್ನೆ ಬೆಳಗ್ಗೆ ಚೆನ್ನಾಗಿ ನೆಗೀತಿತ್ತಲ್ಲೇ!" ಎಂದು ಕೂಗಿದ.

"ನೀವು ಮುಟ್ಟಿದ್ದೆಲ್ಲ ನಿನ್ನೆವರೆಗೂ ಚೆನ್ನಾಗೇ ಇರತ್ತೆ" ಎಂದಳು ಹೆಂಡತಿ ಪಂಕಜಾ, ಅಡುಗೆಮನೆಯಿಂದಲೇ.

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಹಳೆಯ ಗೇಮ್ ಯಂತ್ರಗಳನ್ನು ತಂದು, ಬಿಚ್ಚಿ, ಹೊಸ ಪರದೆ, ಹೊಸ ಬ್ಯಾಟರಿ, ಬಣ್ಣಬಣ್ಣದ ಕವಚ ಹಾಕಿ ಹೊಸದು ಮಾಡುವುದು ನಾಣಿಯ ಹುಚ್ಚು. ಬಿಚ್ಚುವುದರಲ್ಲಿ ಅವನದು ಎತ್ತಿದ ಕೈ. ಮುಚ್ಚಿದಾಗ ಮಾತ್ರ ಯಾವಾಗಲೂ ಒಂದೆರಡು ಸ್ಕ್ರೂ ಮಿಕ್ಕುತ್ತಿದ್ದವು. ಈ ಘನಕಾರ್ಯಕ್ಕೆ ಊಟದ ಮೇಜು ಬಲಿಯಾಗಿತ್ತು. ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ಕಲಿತಿದ್ದರು. ಆದರೆ ಹಬ್ಬದ ಹಿಂದಿನ ವಾರ ತಿಳಿಸಾರಿನಲ್ಲಿ ಒಂದು ಸ್ಕ್ರೂ ಸಿಕ್ಕಿತು ನೋಡಿ, ಪಂಕಜಾ ಶರತ್ತು ಹಾಕಿಬಿಟ್ಟಳು. ಹಬ್ಬದ ಸಂಜೆ ಬಡಾವಣೆಯ ಸಂಘದವರು ಹವ್ಯಾಸಗಳ ಪ್ರದರ್ಶನ ಇಟ್ಟಿದ್ದರು. ಅಲ್ಲಿ ಹೊರಗಿನ ನಾಲ್ಕು ಜನ ಈ ಯಂತ್ರದಲ್ಲಿ ಆಡಿ ಭೇಷ್ ಅಂದರೆ ಮೇಜು ನಾಣಿಯದು. ಇಲ್ಲದಿದ್ದರೆ ಸಾಮಾನೆಲ್ಲ ಅಟ್ಟಕ್ಕೆ, ಮೇಜಿನ ಮೇಲೆ ಅನ್ನ.

ನಾಣಿ ಉಗುರಿನಿಂದಲೇ ಯಂತ್ರದ ಬೆನ್ನು ಬಿಚ್ಚಿದ. ಗುಂಡಿಯ ತಂತಿ ಕಿತ್ತುಬಂದಿತ್ತು. ಅಷ್ಟೇ ತಾನೆ? ಬೆಸುಗೆ ಹಾಕುವ ಕಡ್ಡಿ, ಅಂದರೆ ಸೋಲ್ಡರಿಂಗ್ ಐರನ್, ಕಾಯಿಸಿ ಒಂದು ತೊಟ್ಟು ಸೀಸ ಕರಗಿಸಿಟ್ಟರೆ ಮುಗಿಯಿತು ಎಂದುಕೊಂಡು ಮೇಜಿನ ಬಳಿ ಬಂದರೆ, ಮೇಜು ಮದುವಣಗಿತ್ತಿಯಾಗಿತ್ತು. ಮೇಲೆ ರೇಷ್ಮೆ ಸೀರೆ. ಸೀರೆಯ ಮೇಲೆ ಅವನ ಸ್ಕ್ರೂಡ್ರೈವರುಗಳು, ಚಿಮುಟ, ನಡುವೆ ಅದೇ ಐರನ್, ಹಣೆತುಂಬ ಕುಂಕುಮ, ತಲೆಗೊಂದು ಸೇವಂತಿಗೆ. ತಾಯಿ ವಿಮಲಮ್ಮ ಗಂಟೆ ಬಾರಿಸುತ್ತಿದ್ದರು.

"ಅಮ್ಮಾ, ಐರನ್ ಒಂದೇ ನಿಮಿಷ ಕೊಡಮ್ಮಾ."

"ಪೂಜೆಗಿಟ್ಟ ಆಯುಧ ಕಣೋ. ನಾಳೆ ಬೆಳಗ್ಗೆ ನಾನು ಕದಲಿಸೋವರೆಗೂ ಮುಟ್ಟೋ ಹಾಗಿಲ್ಲ. ನಿಮ್ಮಪ್ಪ ಇವತ್ತು ಪುಸ್ತಕಾನೂ ಮುಟ್ತಿರಲಿಲ್ಲ."

"ಅಪ್ಪ ಬೇರೆ ದಿನಾನೂ ಮುಟ್ತಿರಲಿಲ್ಲ!"

"ಅದು ಭಕ್ತಿ" ಎಂದು ವಿಮಲಮ್ಮ ಕರ್ಪೂರ ಹಚ್ಚಿದರು.

"ಅತ್ತೆ, ಜೋಪಾನ. ನನ್ನ ಮದುವೆ ಸೀರೆ ಅದು" ಎಂದಳು ಪಂಕಜಾ.

ನಾಣಿ ಸ್ಕೂಟರ್ ಹತ್ತಿದ. ಅದಕ್ಕೂ ಪೂಜೆಯಾಗಿತ್ತು. ಹ್ಯಾಂಡಲಿಗೆ ಕಟ್ಟಿದ ಬಾಳೆಕಂದುಗಳ ನಡುವೆ ಇಣುಕಿಕೊಂಡು, ಕಳಚಿಕೊಂಡು ಹೊರಟ ಮದುವೆ ಚಪ್ಪರದ ಹಾಗೆ ನಾಯಂಡಹಳ್ಳಿ ಸೇರಿದ. ಅಲ್ಲಿ ಯುಪಿಎಸ್ ರಿಪೇರಿಯ ಮಹದೇವ್ ಪರಿಚಯದವನು. ವರ್ಕ್‌ಶಾಪಿನ ಬಾಗಿಲಲ್ಲಿ ಬೂದುಗುಂಬಳ ಒಡೆದು ಬಿದ್ದಿತ್ತು. ಒಳಗೆ ಯಂತ್ರಗಳೆಲ್ಲ ವಿಭೂತಿ ಬಳಿದುಕೊಂಡು ಧ್ಯಾನಕ್ಕೆ ಕೂತಿದ್ದವು.

"ಒಂದೇ ಒಂದು ತೊಟ್ಟು ಸೀಸ, ಮಹದೇವ್."

"ಇವತ್ತು ನಟ್ಟು ಬೋಲ್ಟೂ ಮುಟ್ಟಲ್ಲ ಸಾರ್. ಮುಟ್ಟಿದ್ರೆ ವರ್ಷಪೂರ್ತಿ ಅದೇ ರಿಪೇರಿಗೆ ವಾಪಸ್ ಬರತ್ತೆ. ತಗೊಳ್ಳಿ, ಪುರಿ ತಗೊಳ್ಳಿ."

ಕಡಲೆಪುರಿ, ಬೂಂದಿಯ ದೊಡ್ಡ ಪೊಟ್ಟಣ ಕೈಗೆ ಬಂತು. ಮಲ್ಲತ್ತಹಳ್ಳಿಯ ಮೊಬೈಲ್ ಅಂಗಡಿಯಲ್ಲೂ ಅದೇ ಮಾತು, ಅದೇ ಪುರಿ. ಟಿವಿ ರಿಪೇರಿಯವನು ಮಾತೂ ಆಡಲಿಲ್ಲ, ಬರೀ ಪುರಿ. ಇಡೀ ಊರಿನ ಆಯುಧಗಳಿಗೆ ಇವತ್ತು ರಜೆ, ನನ್ನಂಥ ಪೆದ್ದನಿಗೆ ಮಾತ್ರ ಓವರ್‌ಟೈಮು ಎಂದುಕೊಂಡು ನಾಣಿ ಮನೆಗೆ ಬಂದ.

ಮನೆಯಲ್ಲಿ ಯಾರೂ ಇರಲಿಲ್ಲ. ಪಂಕಜಾ ಪ್ರದರ್ಶನದ ಹಾಲಿನಲ್ಲಿ ರಂಗೋಲಿ ಹಾಕಲು ಹೋಗಿದ್ದಳು. ವಿಮಲಮ್ಮ ಎದುರುಮನೆ ಶಿವಕ್ಕನ ಹತ್ತಿರ ತಾಂಬೂಲಕ್ಕೆ ಹೋಗಿದ್ದರು. ನಾಣಿ ಮೇಜಿನ ಮುಂದೆ ಕೈಮುಗಿದ. "ತಾಯೀ, ಕದೀತಾ ಇಲ್ಲ. ನನ್ನದನ್ನೇ ಸಾಲ ತಗೋತಿದೀನಿ."

ಅಡುಗೆಮನೆಗೆ ಹೋಗಿ ಮಿಕ್ಸಿಯ ಪ್ಲಗ್ ಕಿತ್ತು ಐರನ್ ಸಿಕ್ಕಿಸಿದ. ಕುಂಕುಮ ಸೀದು ಕಮಟು ವಾಸನೆ ಬಂತು. ಸೀಸ ಕರಗಿತು, ತಂತಿ ಕೂತಿತು. ಗುಂಡಿ ಒತ್ತಿದ. ಕಪ್ಪೆ ನೆಗೆಯಿತು! ಜೊತೆಗೆ ನಾಣಿಯೂ ನೆಗೆದ.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ನಾಣಿ ಗಡಿಬಿಡಿಯಲ್ಲಿ ಪ್ಲಗ್ ಕಿತ್ತು, ವೈರು ಸುತ್ತಿ, ಕಾದ ಐರನ್ನನ್ನು ಹಾಗೇ ಮೇಜಿನ ಮೇಲಿಟ್ಟು, ಸೇವಂತಿಗೆ ಏರಿಸಿ, ಪಂಚಾಂಗ ಹಿಡಿದು ಕೂತ. ತಲೆಕೆಳಗಾಗಿ ಹಿಡಿದಿದ್ದ.

ವಿಮಲಮ್ಮನ ಹಿಂದೆಯೇ ಬಂದ ಶಿವಕ್ಕ ಮೇಜು ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡಳು. "ವಿಮಲಮ್ಮಾ! ನೋಡ್ರೀ ಇಲ್ಲಿ! ಪ್ಲಗ್ಗಿಲ್ಲ, ಕರೆಂಟಿಲ್ಲ, ಆಯುಧದಿಂದ ಹೊಗೆ ಬರ್ತಿದೆ! ತಾಯಿ ಒಲಿದುಬಿಟ್ಳು!"

ವಿಮಲಮ್ಮ ಹೊಗೆಯನ್ನು ನೋಡಿದರು, ಮಗನನ್ನು ನೋಡಿದರು, ಮೂಗು ಅರಳಿಸಿ ಒಮ್ಮೆ ಮೂಸಿದರು. ಗಂಟೆ ಎತ್ತಿ ಬಾರಿಸತೊಡಗಿದರು.

ಶಿವಕ್ಕನ ಬಾಯಿಯ ಮುಂದೆ ಸಂಘದ ಮೈಕು ಏನೂ ಅಲ್ಲ. ಸಂಜೆಯ ಹೊತ್ತಿಗೆ ಗೇಟಿನಿಂದ ಬೀದಿ ತಿರುವಿನವರೆಗೂ ಸಾಲು ನಿಂತಿತು. ನಿಜ ಹೇಳಲು ನಾಣಿ ಬಾಯಿ ತೆರೆದಾಗಲೆಲ್ಲ ಯಾರಾದರೂ ಅವನ ಕೈಗೆ ತೆಂಗಿನಕಾಯಿ ಕೊಟ್ಟು "ಒಡೀರಿ" ಅನ್ನುತ್ತಿದ್ದರು. ಹೊತ್ತು ನೋಡಿ, ಯಂತ್ರವನ್ನು ಜೇಬಿಗಿಳಿಸಿ ಪ್ರದರ್ಶನದ ಹಾಲಿಗೆ ಓಡಿದ. ಅಲ್ಲಿ ಕಸೂತಿ ಆನೆಗಳು, ಕುಂಡದ ಗಿಡಗಳು ಒಂದರ ಮುಖ ಒಂದು ನೋಡುತ್ತಿದ್ದವು. ಕುರ್ಚಿ ಮಡಿಸುವವನೊಬ್ಬನೇ ಇದ್ದ.

"ಜನ ಎಲ್ಲಪ್ಪಾ?"

"ಯಾರ ಮನೇಲೋ ಕಡ್ಡೀಗೆ ತಾನಾಗೇ ಬೆಂಕಿ ಬಂದಿದೆಯಂತೆ, ಎಲ್ಲಾ ಅಲ್ಲಿಗೇ ಹೋದ್ರು. ನೀವು ನೋಡ್ಲಿಲ್ವಾ ಸಾರ್? ಛೇ, ಹೋಗಿ ಬನ್ನಿ."

ನಾಣಿ ವಾಪಸ್ ಓಡಿದ. ಜನ ತನ್ನ ಮನೆಯಲ್ಲೇ ಇದ್ದಾರಲ್ಲ, ನಾಲ್ಕೇ ಜನ ಸಾಕಲ್ಲ! ಗೇಟಿನಲ್ಲಿ ಒಬ್ಬರ ಮುಂದೆ ಯಂತ್ರ ಹಿಡಿದು, "ಸಾರ್, ಒಂದ್ಸಲ ಈ ಗುಂಡಿ ಒತ್ತಿ" ಎಂದ.

"ಸಾಲಲ್ಲಿ ಬನ್ರೀ" ಎಂದರು ಅವರು.

ಹೇಗೋ ನುಗ್ಗಿ ಒಳಗೆ ಬಂದರೆ, ಶಿವಕ್ಕ ಯಂತ್ರವನ್ನು ಕಂಡಳು. "ಆ ಕಡ್ಡಿಯಿಂದ್ಲೇ ಮಾಡಿದ್ದಲ್ವೇನಪ್ಪಾ ಇದು? ಇದನ್ನ ಹೊರಗಿಡಬಹುದಾ?" ಎಂದು ಕಸಿದುಕೊಂಡು, ಪರದೆಗೆ ಕುಂಕುಮ ಬಳಿದು, ಹೂವಿಟ್ಟು, ಮೇಜಿನ ಮೇಲೆ ಕೂರಿಸಿದಳು. ಪೂಜೆಗಿಟ್ಟಾಯಿತು. ಇನ್ನು ನಾಳೆವರೆಗೂ ಮುಟ್ಟುವ ಹಾಗಿಲ್ಲ.

ಪಂಕಜಾ ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದಳು.

"ಮಿಕ್ಸಿ ಪಕ್ಕ ಸೀಸದ ಗುಂಡು ಬಿದ್ದಿದೆ. ಐರನ್ ಕೆಳಗೆ ನನ್ನ ಸೀರೇಲಿ ತೂತು ಬಿದ್ದಿದೆ. ಆಚೆ ಹೋಗಿ ಅಷ್ಟು ಜನರೆದುರು ನಿಜ ಹೇಳ್ತೀರೋ, ಸಾಮಾನು ಅಟ್ಟಕ್ಕೆ ಹಾಕ್ತೀರೋ?"

ನಾಣಿ ಸಾಲಿನ ಕಡೆ ನೋಡಿದ. ಒಬ್ಬರು ಮಗುವಿನ ಹಣೆಯನ್ನು ಐರನ್ನಿನ ಮುಂದೆ ಬಾಗಿಸುತ್ತಿದ್ದರು. "ಅಟ್ಟ" ಎಂದ, ಸಣ್ಣ ದನಿಯಲ್ಲಿ.

ಜನ ಕರಗಿದ ಮೇಲೆ ಪಂಕಜಾ ಗೆದ್ದವಳ ಠೀವಿಯಲ್ಲಿ ತಟ್ಟೆಗಳನ್ನು ಮೇಜಿನ ಹತ್ತಿರ ತಂದಳು. ವಿಮಲಮ್ಮ ಕೈ ಅಡ್ಡ ಹಿಡಿದರು.

"ಇಲ್ಲಿಡಬೇಡ್ವೇ. ಇಷ್ಟು ಜನ ಕೈಮುಗಿದ ಜಾಗ. ಇನ್ಮೇಲೆ ಇದು ದೇವರ ಮೇಜು."

ಪಂಕಜಾ ತಟ್ಟೆಗಳನ್ನು ಕುಕ್ಕಿ ಅಡುಗೆಮನೆಗೆ ಹೋದಳು.

ವಿಮಲಮ್ಮ ಕುರ್ಚಿ ಎಳೆದುಕೊಂಡು ಕೂತರು. ಕನ್ನಡಕ ಹಾಕಿಕೊಂಡರು. ಯಂತ್ರದ ಮೇಲಿನ ಹೂವು ತೆಗೆದು ಕಣ್ಣಿಗೊತ್ತಿ, ಸೆರಗಿನಿಂದ ಪರದೆ ಒರೆಸಿ, ಸ್ವಿಚ್ಚು ಹುಡುಕದೆಯೇ ಆನ್ ಮಾಡಿದರು.

"ಅಮ್ಮಾ! ನಾಳೆವರೆಗೂ ಮುಟ್ಟಬಾರದು ಅಂದಿದ್ದೆಯಲ್ಲ!"

"ಪೂಜೆ ಮಾಡಿದೋಳು ನಾನು, ಕದಲಿಸೋಳೂ ನಾನೇ. ಗುಂಡಿ ಗಟ್ಟಿ ಕೂರ್ಸಿದೀಯಾ ತಾನೆ? ನೀವಿಬ್ರೂ ಕೆಲಸಕ್ಕೆ ಹೋದ್ಮೇಲೆ ನಂಗೆ ಇದೊಂದೇ ಕಣೋ ಜೊತೆ. ನಿನ್ನೆ ಮಧ್ಯಾಹ್ನ ಇನ್ನೇನು ಕೊನೇ ಕೆರೆ ದಾಟ್ಬೇಕು, ಕಿತ್ತುಬಂತು ನೋಡು."

ಕಪ್ಪೆ ಟಪಟಪನೆ ನೆಗೆಯಿತು. ನಾಣಿ ಒಂದು ವರ್ಷ ಆಡಿದರೂ ಕಾಣದ ಕೆರೆಗಳನ್ನೆಲ್ಲ ದಾಟಿತು.

"ಐರನ್ ಅಟ್ಟಕ್ಕೆ ಹಾಕ್ಬೇಡ, ಮತ್ತೆ ಬೇಕಾಗತ್ತೆ" ಎಂದರು ವಿಮಲಮ್ಮ, ತಲೆ ಎತ್ತದೆ. "ಆ ಪುರಿ ಈ ಕಡೆ ತಳ್ಳು."

ನಾಣಿ ಪುರಿ ತಳ್ಳಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡ.