ಆಟದ ಡಬ್ಬಿ ಮತ್ತು ದೊಡ್ಡಪ್ಪನ ಮೋಟಾರು

ಒಬ್ಬರ ಮೇಲೆ ಅನುಮಾನ ಪಡಲು ಸಾಕ್ಷಿ ಬೇಕು ಎಂದು ನಾನು ಬಹಳ ದಿನ ನಂಬಿದ್ದೆ. ಬೇಕಿಲ್ಲ. ಪಕ್ಕದ ಹೊಲದಲ್ಲಿ ಒಬ್ಬ ಮನುಷ್ಯ ಇದ್ದರೆ ಸಾಕು. ಸಾಕ್ಷಿ ಬೇಕಾಗುವುದು ಆಮೇಲೆ, ಅನುಮಾನಕ್ಕೆ ಒಂದಿಷ್ಟು ಮರ್ಯಾದೆ ತರುವುದಕ್ಕೆ. ಆ ಮರ್ಯಾದೆ ತಂದುಕೊಡುವ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದಿದ್ದು ನಾನು ಲೆಕ್ಕದ ಹುಡುಗಿ ಅನ್ನುವ ಕಾರಣಕ್ಕೆ. ಬಿಸ್ಕತ್ತು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವುದು ನನ್ನ ಕೆಲಸ. ಉಪ್ಪಿನಕಾಯಿ ಜಾಡಿಗೂ ತಾರೀಕು ಬರೆದು ಅಂಟಿಸುತ್ತೇನೆ. ಹೀಗೆ ಎಲ್ಲವನ್ನೂ ಬರೆದಿಡುವವರಿಗೆ ಒಂದು ಭ್ರಮೆ ಇರುತ್ತದೆ: ಬರೆದಿಟ್ಟದ್ದೆಲ್ಲ ತಮಗೆ ಅರ್ಥವಾಗಿದೆ ಅಂತ.

ನಮ್ಮದು ಏರ್‌ಪೋರ್ಟಿಗೆ ಹತ್ತಿರದ ಕುಂದಾಣ ಹೋಬಳಿ. ಮನೆಯ ಹಿಂದೆಯೇ ದ್ರಾಕ್ಷಿ ತೋಟ, ತೋಟದ ಅಂಚಿನಲ್ಲಿ ಬೋರ್‌ವೆಲ್. ಮೂರು ಫೇಸ್ ಕರೆಂಟು ಬಂದ ಕೂಡಲೇ ಎದ್ದು ಓಡಿ ಮೋಟಾರು ಹಾಕಿ ಹಾಕಿ ದೊಡ್ಡಪ್ಪನ ಮಂಡಿ ಸವೆದಿತ್ತು. ಅದಕ್ಕೇ ಈ ಸಲ ಸ್ಟಾರ್ಟರಿಗೆ ರಿಮೋಟ್ ಹಾಕಿಸಿಕೊಂಡ. ಗುಂಡಿ ಒಂದೇ. ಒಮ್ಮೆ ಒತ್ತಿದರೆ ಮೋಟಾರು ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಆ ರಿಮೋಟನ್ನು ಅವನು ಉಡುದಾರಕ್ಕೆ ಕಟ್ಟಿಕೊಂಡ. ಸ್ನಾನ ಮಾಡುವಾಗಲೂ ಬಿಚ್ಚುತ್ತಿರಲಿಲ್ಲ, ಮೇಲೊಂದು ಪ್ಲಾಸ್ಟಿಕ್ ಕವರು ಸುತ್ತಿಕೊಳ್ಳುತ್ತಿದ್ದ. ಹೀಗಿರುವಾಗ, ರಿಮೋಟು ಸೊಂಟದಲ್ಲೇ ಇದ್ದರೂ ಮೋಟಾರು ತನ್ನಷ್ಟಕ್ಕೆ ತಾನು ಓಡತೊಡಗಿತು.

ಇದು ನಗುವ ವಿಷಯವಾಗಿರಲಿಲ್ಲ. ನಮ್ಮ ಬೋರು ಸ್ವಲ್ಪ ಹೊತ್ತು ನೀರು ಕೊಟ್ಟು ಆಮೇಲೆ ಬರೀ ಗಾಳಿ ಉಗುಳುತ್ತದೆ. ನೀರಿಲ್ಲದೆ ಓಡಿದ ಮೋಟಾರು ಸುಟ್ಟುಹೋಗುತ್ತದೆ. ಸುಟ್ಟರೆ ಪೈಪೆಲ್ಲ ಮೇಲೆತ್ತಿಸಿ, ಮೋಟಾರಿಗೆ ಹೊಸ ತಂತಿ ಸುತ್ತಿಸಿ, ಮತ್ತೆ ಇಳಿಸುವಷ್ಟರಲ್ಲಿ ಕಾಯಿ ಕಟ್ಟಿದ ದ್ರಾಕ್ಷಿ ಬಳ್ಳಿಯಲ್ಲೇ ಒಣಗುತ್ತದೆ. ಒಂದು ದಿನ ದೊಡ್ಡಪ್ಪ ತೋಟಕ್ಕೆ ಹೋದಾಗ ಪೈಪು ಒಣ ಕೆಮ್ಮು ಕೆಮ್ಮುತ್ತಿತ್ತಂತೆ. ಅವನು ಅಲ್ಲೇ ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಂಡು ತೀರ್ಮಾನ ಮಾಡಿದ: ಇದು ನಂಜಪ್ಪನ ಕೆಲಸ.

ನಂಜಪ್ಪ ಮಾವ ಪಕ್ಕದ ಹೊಲದವನು, ಮನೆಯೂ ಅಲ್ಲೇ. ಅವನೂ ಅದೇ ಅಂಗಡಿಯಿಂದ ಅಂಥದೇ ರಿಮೋಟು ತಂದಿದ್ದ. ಹೋದ ವರ್ಷ ಬದುವಿನ ವಿಚಾರಕ್ಕೆ ಎರಡು ಮಾತು ಬಂದಿದ್ದವು. ಇನ್ನೇನು ಬೇಕು? ಆದರೆ ನಮ್ಮ ತೋಟಕ್ಕೆ ಟ್ರ್ಯಾಕ್ಟರ್ ಹೋಗಬೇಕಾದರೆ ಅವನ ಹೊಲದ ಅಂಚಿನ ಮೇಲೇ ಹೋಗಬೇಕು. ಅಪ್ಪ ತೀರಿಕೊಂಡಾಗ ನಮ್ಮ ತೋಟದ ಕೆಲಸ ನಿಲ್ಲದಂತೆ ನೋಡಿಕೊಂಡವನೂ ಅವನೇ. “ಸುಮ್ನೆ ಹೆಂಗೆ ಕೇಳ್ತೀಯಾ ಭಾವ, ಏನಾದ್ರೂ ಗೊತ್ತಾಗ್ಲಿ” ಎಂದು ಅವ್ವ ತಡೆದಳು. ಆಗ ನಾನು, ಬಾಯಿ ಮುಚ್ಚಿಕೊಂಡಿರಬೇಕಾದ ನಾನು, “ನನ್ನ ಡಬ್ಬೀಲಿ ಗೊತ್ತಾಗುತ್ತೆ ದೊಡ್ಡಪ್ಪ” ಅಂದೆ.

ಡಬ್ಬಿ ಅಂದರೆ ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರ್. ನಡುವೆ ಪರದೆ, ಎರಡು ಪಕ್ಕದಲ್ಲಿ ಹೆಬ್ಬೆರಳಿಗೊಂದೊಂದು ಪುಟ್ಟ ಕಡ್ಡಿ. ಜನ ಅದರಲ್ಲಿ ಕಾರು ಓಡಿಸುತ್ತಾರೆ, ಗುಂಡು ಹಾರಿಸುತ್ತಾರೆ. ಆದರೆ ಒಳಗಿರುವುದು ಪೂರ್ತಿ ಕಂಪ್ಯೂಟರೇ. ಅದಕ್ಕೆ ಬೆರಳುದ್ದದ ರೇಡಿಯೊ ರಿಸೀವರ್ ಸಿಕ್ಕಿಸಿ ಏರಿಯಲ್ ಜೋಡಿಸಿದರೆ, ಸುತ್ತ ಗಾಳಿಯಲ್ಲಿ ಓಡಾಡುವ ತರಂಗಗಳೆಲ್ಲ ಪರದೆಯ ಮೇಲೆ ಗೆರೆಗಳಾಗಿ ಕಾಣುತ್ತವೆ. ಹಳೆಯ ರೇಡಿಯೊದಲ್ಲಿ ಬಿಡಿಭಾಗಗಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸಾಫ್ಟ್‌ವೇರ್ ಮಾಡುತ್ತದೆ. ಲ್ಯಾಪ್‌ಟಾಪ್ ಹೊತ್ತು ಬದುವಿನ ಮೇಲೆ ನಡೆಯಲಾಗುವುದಿಲ್ಲ, ಇದನ್ನಾದರೆ ಹಿಡಿದು ತೋಟವೆಲ್ಲ ಸುತ್ತಬಹುದು. ಎಡಗಡೆಯ ಕಡ್ಡಿಯಲ್ಲಿ ಸ್ಟೇಷನ್ ತಿರುಗಿಸುತ್ತೇನೆ, ಬಲಗಡೆಯ ಕಡ್ಡಿಯಲ್ಲಿ ಸದ್ದು ಏರಿಳಿಸುತ್ತೇನೆ. ತೊಂದರೆ ಏನೆಂದರೆ ಬೆರಳು ಸ್ವಲ್ಪ ಜಾರಿದರೂ ರೇಡಿಯೊ ಮರೆಯಾಗಿ ಕಾರಿನ ರೇಸು ಶುರುವಾಗುತ್ತದೆ.

ದೊಡ್ಡಪ್ಪನಿಗೆ ಪರದೆ ತೋರಿಸಿದೆ. ಗೆರೆಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತಲೇ ಇರುತ್ತವೆ, ಇದಕ್ಕೆ ಜಲಪಾತ ಅಂತಾರೆ ಎಂದೆ. “ಬೋರಲ್ಲಿ ನೀರಿಲ್ಲ, ನಿನ್ ಡಬ್ಬೀಲಿ ಜಲಪಾತ ಬೀಳ್ತೈತೆ” ಅಂದ. ಅವ್ವನ ಚಿಂತೆ ಬೇರೆ. “ಏರ್‌ಪೋರ್ಟ್ ಪಕ್ಕದಲ್ಲಿ ಇಂಥವೆಲ್ಲ ಬೇಕಾ? ಯಾರಾದ್ರೂ ಹಿಡ್ಕೊಂಡೋದ್ರೆ ನಿನ್ನ ಬಿಡಿಸ್ಕೊಂಡ್ ಬರೋರು ಯಾರು?” ನಾನು ಏನನ್ನೂ ಕಳಿಸುತ್ತಿಲ್ಲ, ರಿಮೋಟುಗಳ ಗೆರೆ ನೋಡುತ್ತೇನೆ ಅಷ್ಟೆ ಎಂದು ಎಷ್ಟು ಹೇಳಿದರೂ, ವಿಮಾನ ತಲೆಯ ಮೇಲೆ ಹೋದಾಗಲೆಲ್ಲ ಅವಳು ಡಬ್ಬಿಯ ಮೇಲೆ ಸೆರಗು ಮುಚ್ಚುತ್ತಿದ್ದಳು.

ಕೆಲಸ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ದೊಡ್ಡಪ್ಪನ ರಿಮೋಟು ಒತ್ತಿಸಿ ಅದರ ಗೆರೆ ಎಲ್ಲಿ ಬೀಳುತ್ತದೆಂದು ಗುರುತು ಮಾಡಿಕೊಂಡೆ. ಆಮೇಲೆ ನೋಡಿದರೆ ಸೈಟು ನೋಡಲು ಬರುವವರ ಕಾರಿನ ಕೀಗಳೂ ಅಲ್ಲೇ ಗೆರೆ ಎಳೆಯುತ್ತವೆ. ಜೊತೆಗೆ ಡಬ್ಬಿ ಬಿಸಿಯಾಗುತ್ತದೆ, ಅದರ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ತಿರುಗಿಸಿದ ದಿಕ್ಕಿನದನ್ನು ಚೆನ್ನಾಗಿ ಹಿಡಿಯುವ ಒಳ್ಳೆಯ ಏರಿಯಲ್ ತರಿಸಿ ಮಹಡಿಯ ಮೇಲೆ ನಿಲ್ಲಿಸಿದೆ. ಅದಕ್ಕೆ ಕೇಬಲ್ ತರಿಸಿದೆ. ಕೇಬಲ್ಲಿನ ತುದಿ ಹೊಂದಲಿಲ್ಲವೆಂದು ಇನ್ನೊಂದು ತುದಿ ತರಿಸಿದೆ. ಎಲ್ಲವೂ ನಾನು ಕಾರ್ಖಾನೆಯಲ್ಲಿದ್ದಾಗಲೇ ಬಂದು ತಲುಪುತ್ತಿದ್ದವು. ಮೋಟಾರೂ ನಾನಿಲ್ಲದಾಗಲೇ ಓಡುತ್ತಿತ್ತು. ನನ್ನ ಡಬ್ಬಿಗೆ ಕಳ್ಳ ಹೆದರಿದ್ದಾನೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಒಂದು ಸಂಜೆ ಗೆರೆ ಬಿತ್ತು. ಅದೇ ಜಾಗದಲ್ಲಿ, ದಪ್ಪಗೆ. ತಲೆ ಎತ್ತಿದರೆ ನಂಜಪ್ಪ ಮಾವ ತನ್ನ ಜಗಲಿಯಲ್ಲಿ ನಿಂತು ರಿಮೋಟು ಒತ್ತುತ್ತಿದ್ದ. ಅವನ ಮೋಟಾರು ಹೊರಟಿತು. ದೊಡ್ಡಪ್ಪ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದವನು “ಸಿಕ್ದ” ಅಂದ.

“ನಮ್ ಮೋಟಾರ್ ಆನ್ ಆಗ್ಲಿಲ್ಲ ದೊಡ್ಡಪ್ಪ. ಅವ್ರದ್ದು ಅವ್ರು ಹಾಕ್ಕೊಂಡ್ರು” ಅಂದೆ.

“ಗೆರೆ ಬಿತ್ತೋ ಇಲ್ವೋ?”

“ಬಿತ್ತು.”

“ಅಷ್ಟೇಯ. ಭಾನುವಾರ ಕರೆಸ್ತೀನಿ.”

ಇನ್ನೊಂದು ಮಾತು ಜೋರಾಗಿ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ. ನನ್ನ ಡಬ್ಬಿಯನ್ನು ಮನೆಯಲ್ಲಿ ಒಬ್ಬರಾದರೂ ನಂಬಿದ್ದು ಅದೇ ಮೊದಲು.

ಭಾನುವಾರ ನಂಜಪ್ಪ ಮಾವ ಬಂದ. ಜಗಲಿಯ ಮೇಲೆ ಕೂತ. ಅವ್ವ ಕಾಫಿ ತಂದಳು, ಅವನು ಲೋಟ ಮುಟ್ಟಲಿಲ್ಲ. ವಿಷಯ ಆಗಲೇ ಕಿವಿಗೆ ಬಿದ್ದಿತ್ತು ಅಂತ ಕಾಣುತ್ತದೆ, ತನ್ನ ರಿಮೋಟನ್ನು ಜೇಬಿನಿಂದ ತೆಗೆದು ಜಗಲಿಯ ನಡುವೆ ಇಟ್ಟ. ದೊಡ್ಡಪ್ಪ ಪಂಚೆ ಸಡಿಲಿಸಿ, ಉಡುದಾರದಿಂದ ತನ್ನದನ್ನು ಕಷ್ಟಪಟ್ಟು ಬಿಚ್ಚಿ ಪಕ್ಕದಲ್ಲಿಟ್ಟ. ನಾನು ಕಂಬಕ್ಕೆ ಒರಗಿ ಡಬ್ಬಿ ಹಿಡಿದು ನಿಂತಿದ್ದೆ. ಕೈ ಬೆವರಿ ಕಡ್ಡಿ ಜಾರುತ್ತಿತ್ತು.

“ಏನು ಸಿದ್ದಣ್ಣ, ನಾನು ನಿನ್ ಮೋಟಾರ್ ಸುಡಕ್ ನಿಂತಿದೀನಂತೆ?” ನಂಜಪ್ಪ ಮಾವನ ದನಿ ತಣ್ಣಗಿತ್ತು. ಅದೇ ಹೆದರಿಕೆ ತಂದಿದ್ದು.

“ನಾನ್ ಹೇಳಿದ್ದಲ್ಲಪ್ಪ. ಮಿಷಿನ್ ಹೇಳೈತೆ. ತೋರ್ಸು ಶೈಲಾ.”

ತೋರಿಸಲು ಹೋದೆ. ಬೆರಳು ಜಾರಿತು. ಡಬ್ಬಿ ಗುರ್ರೆಂದು ಕಾರಿನ ರೇಸು ಶುರು ಮಾಡಿತು. ಕೆಂಪು ಕಾರೊಂದು ಗೋಡೆಗೆ ಗುದ್ದಿ ಮಗುಚಿ ಬಿತ್ತು. ನಂಜಪ್ಪ ಮಾವ ಅದನ್ನು ಬಹಳ ಹೊತ್ತು ನೋಡಿದ.

“ಇದಾ ಸಾಕ್ಷಿ? ಆಯ್ತು ಬಿಡು. ಈ ಆಟದ ಸಾಮಾನ್ ಮಾತು ಕೇಳಿ ನನ್ನ ಕಳ್ಳ ಅನ್ನೋದಾದ್ರೆ, ನಾಳೆಯಿಂದ ನಿಮ್ ಟ್ರ್ಯಾಕ್ಟರ್ ನನ್ ಹೊಲದ ಮೇಲ್ ಬರೋದ್ ಬ್ಯಾಡ” ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ.

ದೊಡ್ಡಪ್ಪನ ಮುಖದ ಬಣ್ಣ ಹೋಯಿತು. ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಹೇಗೋ ರೇಡಿಯೊಗೆ ವಾಪಸ್ಸು ಬಂದೆ. ಅಷ್ಟರಲ್ಲಿ ಗೇಟಿನ ಬಳಿ ಬೈಕು ನಿಂತಿತು. ಒಳಗೆ ಕರೆಗಂಟೆ ಹಾಡಿತು. ಪರದೆಯ ಮೇಲೆ ಗೆರೆ ಬಿತ್ತು, ಅದೇ ಜಾಗದಲ್ಲಿ. ಮನೆಯ ಹಿಂದೆ ಸ್ಟಾರ್ಟರ್ ಟಕ್ ಎಂದಿತು. ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿತು.

ಎರಡು ರಿಮೋಟುಗಳೂ ಜಗಲಿಯ ಮೇಲೆ ಅಕ್ಕಪಕ್ಕ ಮಲಗಿದ್ದವು.

ನಾನೇ ಗೇಟಿನ ಕಡೆ ತಿರುಗಿ, “ಅಣ್ಣ, ಇನ್ನೊಂದ್ಸಲ ಬೆಲ್ ಒತ್ತಿ” ಅಂದೆ.

“ಮೇಡಂ, ನೀವ್ ಇಲ್ಲೇ ಇದೀರಲ್ಲ” ಅಂದ ಪಾರ್ಸೆಲ್ಲಿನವನು.

“ಇದೀನಿ. ಒತ್ತಿ.”

ಒತ್ತಿದ. ನೀರು ನಿಂತಿತು. ಮತ್ತೆ ಒತ್ತಿಸಿದೆ. ನೀರು ಬಂತು. ಅವನು ನನ್ನನ್ನೊಮ್ಮೆ, ಬೆಲ್ಲನ್ನೊಮ್ಮೆ ನೋಡಿ, “ಒಟಿಪಿ ಹೇಳ್ಬಿಡಿ ಮೇಡಂ, ಇನ್ನೂ ಬೇಜಾನ್ ಮನೆ ಇದಾವೆ” ಅಂದ.

ಆಗ ಎಲ್ಲ ಅರ್ಥವಾಯಿತು. ನಮ್ಮ ಊರಲ್ಲಿ ಕರೆಗಂಟೆ ಒತ್ತುವ ಪದ್ಧತಿಯೇ ಇಲ್ಲ. ಬಂದವರು ಗೇಟಿನಿಂದಲೇ “ಯಾರವ್ವಾ ಮನೇಲಿ” ಎಂದು ಕೂಗುತ್ತಾರೆ, ಅಥವಾ ಕೂಗದೆ ನೇರ ಅಡುಗೆಮನೆಗೇ ಬರುತ್ತಾರೆ. ಒತ್ತುವವರು ಪಾರ್ಸೆಲ್ಲಿನವರು ಮಾತ್ರ. ಆಗಾಗ ಏನಾದರೂ ತರಿಸುವವಳು ನಾನೇ, ಅವರಿಗೆಂದೇ ತಂತಿಯಿಲ್ಲದ ಬೆಲ್ಲು ತಂದು ಹಾಕಿದ್ದೆ. ಹಾಕಿದ್ದು ಸ್ಟಾರ್ಟರಿನವನು ಬಂದ ದಿನವೇ. ಅವನು ಮನೆಯ ಹಿಂದೆ ಸ್ಟಾರ್ಟರ್ ಪೆಟ್ಟಿಗೆಗೆ ರಿಮೋಟಿನ ಗುರುತು ಕಲಿಸುತ್ತಿದ್ದಾಗ ನಾನು ಮುಂದೆ ಗೇಟಿನಲ್ಲಿ ನಿಂತು ಬೆಲ್ಲು ಸರಿಯಾಗಿದೆಯೇ ಎಂದು ಒತ್ತಿ ಒತ್ತಿ ನೋಡುತ್ತಿದ್ದೆ. “ಒಂದೇ ಸಲಕ್ಕೆ ಕಲೀತಿಲ್ಲ ಇದು” ಎಂದು ಅವನು ಎರಡನೇ ಸಲ ಕಲಿಸಿದ್ದ. ಮೊದಲನೇ ಸಲ ಅದು ಕಲಿತಿದ್ದು ನನ್ನ ಬೆಲ್ಲಿನ ಗುರುತನ್ನು. ಕಳ್ಳನನ್ನು ಹಿಡಿಯಲು ಒಂದೊಂದು ಸಾಮಾನು ತರಿಸಿದಾಗಲೂ, ಕರೆಂಟು ಇದ್ದರೆ, ಮೋಟಾರು ಓಡಿತ್ತು. ಅವಸರದವರು ಎರಡು ಸಲ ಒತ್ತಿದ ದಿನಗಳಲ್ಲಿ ಮಾತ್ರ ಕೂಡಲೇ ನಿಂತು ಉಳಿದುಕೊಂಡಿತ್ತು.

ಇಷ್ಟನ್ನೂ ಹೇಳಿದೆ. ದೊಡ್ಡಪ್ಪ ತನ್ನ ಜನ್ಮದಲ್ಲಿ ತಪ್ಪಾಯ್ತು ಅಂದವನಲ್ಲ. ನಂಜಪ್ಪ ಮಾವನ ಲೋಟ ಮುಟ್ಟಿ ನೋಡಿ, “ಕಾಫಿ ಆರೋಯ್ತು. ಬ್ಯಾರೆ ತತ್ತಾಳೆ, ಕೂತ್ಕೋ” ಅಂದ. ನಂಜಪ್ಪ ಮಾವ ಟವೆಲ್ಲು ಹೆಗಲಿಂದ ತೆಗೆದು ಕೂತ. ಬಿಸಿ ಕಾಫಿ ಕುಡಿದ. “ಟ್ರ್ಯಾಕ್ಟರ್ ಬರ್ಲಿ. ನೀನ್ ಮಾತ್ರ ನಡ್ಕೊಂಡೇ ಬಾ” ಎಂದು ದೊಡ್ಡಪ್ಪನಿಗೆ ಹೇಳಿದ. ಇಬ್ಬರೂ ನಕ್ಕರು.

ಹೊರಡುವಾಗ ಅಂಗಳದಲ್ಲಿ ನಿಂತು ನಮ್ಮ ಮಹಡಿಯ ಮೇಲಿನ ಏರಿಯಲ್ಲಿನತ್ತ ಕತ್ತೆತ್ತಿದ. “ಅಲ್ಲ ಮಗಾ, ಆ ಕಡ್ಡೀನ ಇಷ್ಟ್ ದಿನ ನಮ್ಮನೆ ಕಡೇಗೇ ಯಾಕ್ ತಿರುಗ್ಸಿದ್ದೆ?”

“ಆ ಕಡೆ ಸಿಗ್ನಲ್ ಚೆನ್ನಾಗ್ ಸಿಗುತ್ತೆ ಅಂತ ಮಾವ.”

“ಹೌದಾ? ನಮ್ಮನೇಲಿ ಫೋನ್‌ಗೇ ಸಿಗಲ್ವಲ್ಲವ್ವ” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ನಾನು ಮೆಟ್ಟಿಲು ಹತ್ತಿ ಹೋಗಿ ಏರಿಯಲ್ಲನ್ನು ಬಿಚ್ಚಿ ಬೇರೆ ಕಡೆ ತಿರುಗಿಸತೊಡಗಿದೆ. ಕೆಳಗಿನಿಂದ ಅವ್ವ ಕೇಳಿದಳು:

“ಈಗ ಯಾರ ಮನೆ ಕಡೆಗೆ?”