ಹಬ್ಬವಿಲ್ಲದ ದಿನದ ಹೋಳಿಗೆ

ಬೇಡಕಿಹಾಳದ ಮಾಳೇಶನ ಗುಟ್ಟು ರಟ್ಟಾದದ್ದು ಶೇಂಗಾ ಹೋಳಿಗೆಯ ವಾಸನೆಯಿಂದ.

ದೇವರು ಬೆಂಕಿಗೆ ಹೊಗೆ ಕೊಟ್ಟಿದ್ದಾನೆ, ಹೋಳಿಗೆಗೆ ವಾಸನೆ ಕೊಟ್ಟಿದ್ದಾನೆ; ಎರಡನ್ನೂ ಬಚ್ಚಿಡುವ ವಿದ್ಯೆಯನ್ನು ಮಾತ್ರ ಮನುಷ್ಯನಿಗೆ ಕೊಟ್ಟಿಲ್ಲ. ಅಂದು ಹಬ್ಬವಿರಲಿಲ್ಲ, ಹುಣ್ಣಿಮೆಯಿರಲಿಲ್ಲ, ಬರೀ ಮಂಗಳವಾರ. ಅಂಥ ದಿನ ಮದುವೆಯಾಗದ ಗಂಡುಮಗನಿರುವ ಮನೆಯಿಂದ ಹೋಳಿಗೆಯ ವಾಸನೆ ಎದ್ದರೆ ಅದರ ಅರ್ಥ ಊರಿಗೆಲ್ಲ ಗೊತ್ತು. ಹೆಣ್ಣಿನವರು ಬರುತ್ತಿದ್ದಾರೆ.

ಒಂದು ಕಾಲಕ್ಕೆ ಗಂಡಿನವರೇ ಹೆಣ್ಣಿನ ಮನೆಗೆ ಹೋಗಿ, ಅವಲಕ್ಕಿ ಚೂಡಾ ತಿಂದು, ಮೂಗು ಸಣ್ಣದು ಬಣ್ಣ ಕಪ್ಪು ಎಂದು ಕೊಂಕು ತೆಗೆದು ಬರುತ್ತಿದ್ದರು. ಆಮೇಲೆ, ಗಂಡುಕೂಸೇ ಬೇಕೆಂದು ಹರಕೆ ಹೊತ್ತ ತಾಯಂದಿರ ಮೊರೆಯನ್ನು ದೇವರು ಒಂದೂ ಬಿಡದೆ ಕೇಳಿಬಿಟ್ಟ. ಈಗ ಮೂವತ್ತು ದಾಟಿದ ಗಂಡುಗಳು ಸಂತೆ ಮುಗಿದ ಮೇಲೆ ಉಳಿದ ಬದನೆಕಾಯಿಯಂತೆ ಕಟ್ಟೆಯ ಮೇಲೆ ಕೂತಿರುತ್ತವೆ. ಹೆಣ್ಣಿನವರೇ ಬಂದು ಹೊಲ, ಮನೆ, ನಳ, ಪಾಯಖಾನೆ ನೋಡುತ್ತಾರೆ. ಹೊತ್ತು ಉಳಿದರೆ ಗಂಡನ್ನೂ ನೋಡುತ್ತಾರೆ.

ಮಾಳೇಶನಿಗೆ ಮೂವತ್ತೈದು. ಒಂದು ಕುರಿಹಿಂಡು, ಒಂದಿಷ್ಟು ಕಬ್ಬು, ತಾಯಿ ರಾಮವ್ವ. ಇಷ್ಟೇ ಅವನ ಸಂಸಾರ. ಮದುವೆಯಾಗುವ ತನಕ ಕಾಲಿಗೆ ಚಪ್ಪಲಿ ಹಾಕುವುದಿಲ್ಲವೆಂದು ಬೀರದೇವರ ಮುಂದೆ ಭಂಡಾರದ ಅರಿಶಿನ ಮುಟ್ಟಿ ಹರಕೆ ಹೊತ್ತಿದ್ದ. ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚಿದಾಗಲೆಲ್ಲ "ಇದೂ ನಿನ್ನ ಲೆಕ್ಕಕ್ಕ ಬರ್ಲಿ ತಂದೆ" ಎಂದು ದೇವರಿಗೆ ನೆನಪು ಮಾಡಿ ಮುಂದಿನ ಹೆಜ್ಜೆ ಇಡುತ್ತಿದ್ದ.

ಈ ಸಂಬಂಧ ತಂದವನು ಅವನ ಸೋದರಮಾವ ಭೀಮಸಿ. ಅದರಲ್ಲಿ ಅವನದೊಂದು ಉಪಾಯವಿತ್ತು.

"ಗಂಡ ಐತಿ ಅಂದ್ವಿ ಅಂದ್ರ ಮುಂದಿನವರು ಫೋನ್ ಇಟ್ಟಬಿಡ್ತಾರ. ಅದಕ ನಾ ಗಂಡಿನ ಸುದ್ದೀನ ಎತ್ತೂದುಲ್ಲ. ನಮ್ಮ ಅಕ್ಕನ ಮನ್ಯಾಗ ಒಂದ ಮದುವಿ ಮಾಡೋದೈತಿ ಅಂತೀನಿ, ಸುಮ್ನಾಗ್ತೀನಿ. ಅಥಣಿ ಕಡೆಯವರು, ನಾವ ಬಂದ ನೋಡಿ ಹೋಗ್ತೀವಿ ಅಂದ್ರು. ಏನ್ ಸಣ್ಣ ಮಾತೇನಲೇ ಇದು?"

ಸಣ್ಣ ಮಾತಲ್ಲ ಎಂದು ರಾಮವ್ವ ಬೆಳಗಾಗುವ ಮೊದಲೇ ಒಲೆಗೆ ಹಂಚು ಇಟ್ಟಿದ್ದಳು. ಎರಡನೆಯ ಹೋಳಿಗೆ ಮಗುಚುವಷ್ಟರಲ್ಲಿ ಕೆಂಚವ್ವನ ತಲೆ ಗೋಡೆಯ ಮೇಲೆ ಹುಣ್ಣಿಮೆ ಚಂದ್ರನಂತೆ ಮೂಡಿತು. ಕೆಂಚವ್ವನದು ಓಣಿಯ ಬಾಯಲ್ಲಿರುವ ಮನೆ; ವಾಸನೆಯ ಜಾಡು ಹಿಡಿದು ಇಲ್ಲಿಯ ತನಕ ಬಂದಿದ್ದಳು. ಕಬ್ಬು, ದ್ರಾಕ್ಷಿ, ಟ್ರ್ಯಾಕ್ಟರು ಎಲ್ಲವೂ ಇದ್ದವು. ಮಗ ಅಮೋಲನಿಗೆ ಹೆಂಡತಿಯೊಂದಿರಲಿಲ್ಲ.

"ಏನ್ ಬೇ ರಾಮವ್ವ, ಯಾರ ಬರಾವ್ರದಾರ?"

"ಯಾರೂ ಇಲ್ಲವ್ವ. ದೇವರಿಗೆ ಎಡಿ."

"ಯಾವ ದೇವರ? ಊರಾಗಿನವೋ, ಗಾಡ್ಯಾಗ ಬರಾವೋ?" ಎಂದು ಕೇಳಿ ಚಂದ್ರ ಮುಳುಗಿತು.

ಹನ್ನೊಂದಕ್ಕೆ ಗಾಡಿ ಊರ ಹತ್ತಿರ ಬಂತೆಂದು ಭೀಮಸಿಯ ಫೋನು ಬಂತು. ಮಾಳೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರಿಗಾಲಲ್ಲಿ ಓಡಿದ. ಓಣಿಯ ಬಾಯಿಗೆ ಬಂದು ನೋಡಿದರೆ ಕ್ರೂಸರ್ ಗಾಡಿ ಆಗಲೇ ಕೆಂಚವ್ವನ ಅಂಗಳದಲ್ಲಿ ನಿಂತಿತ್ತು. ಭೀಮಸಿ ಮೂಲೆಯಲ್ಲಿ ಸಿಕ್ಕಿಬಿದ್ದ ಕಳ್ಳನಂತೆ ಚಹಾ ಕುಡಿಯುತ್ತಿದ್ದ. ಕುರ್ಚಿಯ ಮೇಲೆ ರುಮಾಲು ಸುತ್ತಿದ ಹಿರಿಯರು, ಕಾಡಸಿದ್ದಪ್ಪ ಎಂದು ಹೆಸರು. ಅವರ ಮಗ್ಗುಲಿಗೆ ಚೂಡಿದಾರ ತೊಟ್ಟು, ವೇಲನ್ನು ಕೊರಳ ತುಂಬ ಸುತ್ತಿಕೊಂಡ ಮಗಳು ಸುಜಾತಾ. ಹಿಂದೆ ಒಬ್ಬ ಮೌನಿ ತರುಣ, ಅವಳ ಅಣ್ಣ ಅಮೋಘಸಿದ್ದ. ಮಾಳೇಶ ಹರಕೆ ಹೊತ್ತಂದಿನಿಂದ ಎಲ್ಲರ ಕಾಲನ್ನೇ ಮೊದಲು ನೋಡುವವನು. ಸುಜಾತಾಳ ಕಾಲಲ್ಲಿ ಬಿಳಿ ಬೂಟು. ಅವಳ ಅಣ್ಣನದು ಬರಿಗಾಲು. ಎಂಥ ದೈವಭಕ್ತ ಮಂದಿ ಎಂದು ಅವನ ಎದೆ ತುಂಬಿತು.

ಅಮೋಲ ಕಪ್ಪು ಚಷ್ಮಾ ಹಾಕಿ, ನಿಂತ ಟ್ರ್ಯಾಕ್ಟರಿನ ಮೇಲೆ ಕೂತು ಸ್ಟೇರಿಂಗ್ ತಿರುಗಿಸುತ್ತಿದ್ದ.

"ಅವರ ಮನೀಗೆ ಹೋಗೋರಂತ್ರಿ, ಏನ್ ಅವಸರ ಐತಿ," ಎಂದಳು ಕೆಂಚವ್ವ. "ಕೂಡ್ರಿ. ಅವರ ಮನ್ಯಾಗ ಕುರಿ ವಾಸನಿ, ಪಾಪ, ನಿಮಗ ರೂಢಿ ಇರಂಗಿಲ್ಲ."

ಹಟದಲ್ಲಿ ಮಾಳೇಶ ಟಗರಿಗೆ ಕಡಿಮೆಯವನಲ್ಲ. ತನ್ನ ಹಿತ್ತಿಲಿಗೆ ಓಡಿ ಕುರಿಹಟ್ಟಿಯ ಬಾಗಿಲು ತೆಗೆದ. ಮುಂಚೂಣಿಯ ಟಗರನ್ನು ಕೋಡು ಹಿಡಿದು ಎಳೆದು ತಂದು ಕೆಂಚವ್ವನ ಅಂಗಳಕ್ಕೆ ಬಿಟ್ಟ. ಒಂದು ಹೋದಲ್ಲಿ ಎಲ್ಲ ಹೋಗುವುದು ಕುರಿಯ ಧರ್ಮ. ಇಡೀ ಹಿಂಡು ಒಳಗೆ ನುಗ್ಗಿ ಕುರ್ಚಿಗಳ ಕೆಳಗೆ ನುಸುಳಿತು. ಒಂದು ಕುರಿ ಕಾಡಸಿದ್ದಪ್ಪನವರ ತಾಟಿನ ಚೂಡಾ ಮುಗಿಸಿತು, ಇನ್ನೊಂದು ಕೆಂಚವ್ವನ ಮಲ್ಲಿಗೆ ಬಳ್ಳಿಗೆ ಬಾಯಿ ಹಾಕಿತು.

"ಲೇ ಮಾಳ್ಯಾ, ನಿನ್ನ ಹಿಂಡ ಹಾಳಾಗ್ಲಿ," ಎಂದು ಕೆಂಚವ್ವ ಬಳ್ಳಿಯ ಕಡೆ ಓಡಿದಳು.

"ಅವಕ ಇವತ್ತ ಏನಾತೋ ಏನೋ ದೊಡ್ಡವ್ವ," ಎಂದು ಮಾಳೇಶ ಕೈಮುಗಿದು, ಬೀಗರನ್ನು ಕುರಿಗಳ ನಡುವಿನಿಂದಲೇ ತನ್ನ ಮನೆಗೆ ನಡೆಸಿಕೊಂಡು ಹೋದ.

ಮನೆಯಲ್ಲಿ ಕರಿ ಕಂಬಳಿ ಹಾಸಿತ್ತು. ಈಗಿನ ಹುಡುಗಿಯರು ಕೆಲಸ ಬಲ್ಲ ಗಂಡನ್ನು ಕೇಳುತ್ತಾರೆಂದು ಮಾಳೇಶ ತಾನೇ ಚಹಾ ಕುದಿಸಿದ, ತಾನೇ ಕಪ್ಪು-ಬಸಿಯಲ್ಲಿಟ್ಟು ಕೊಟ್ಟ, ತಾನೇ ಹೋಳಿಗೆ ಬಡಿಸಿ ತುಪ್ಪ ಹಾಕಿದ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಒಳಗ ಸ್ವಲ್ಪ ನೋಡ್ಲೇನ್ರಿ ಅವ್ವಾರ?" ಎಂದಳು ಸುಜಾತಾ.

"ನಿನ್ನ ಮನಿ ಅಂತ ತಿಳಿ ನನ್ನವ್ವ," ಎಂದಳು ರಾಮವ್ವ.

ಸುಜಾತಾ ಅಡುಗೆಮನೆ ನೋಡಿದಳು. ದೇವರ ಕೋಣೆ ನೋಡಿದಳು. ಜೋಳದ ಚೀಲಗಳ ಹಿಂದೆ ಇಣುಕಿದಳು. ಪಾಯಖಾನೆಯ ಬಾಗಿಲನ್ನು ಮೆಲ್ಲಗೆ ಬಡಿದು, ಸ್ವಲ್ಪ ಹೊತ್ತು ಕಾದು, ಆಮೇಲೆ ತೆಗೆದು ನೋಡಿದಳು. ಎಂಥ ನಿಗಾ ಎಂದುಕೊಂಡ ಮಾಳೇಶ. ಇಂಥವಳು ಬಂದರೆ ಒಂದು ಕಾಳೂ ಹಾಳಾಗುವುದಿಲ್ಲ. ಹೊರಗೆ ಬಂದು ಅವಳು ತಂದೆಗೆ ಇಲ್ಲವೆಂಬಂತೆ ತಲೆಯಾಡಿಸಿದಳು. ಚಾವಣಿಯ ತಗಡು ಹಳೆಯದಾಯಿತೇನೋ ಎಂದುಕೊಂಡ ಮಾಳೇಶ. ಇನ್ನೆರಡು ಹೋಳಿಗೆ ಬಡಿಸಿದ.

"ಮನೀಗೆ ಕುಂದಿಲ್ರಿ," ಎಂದರು ಕಾಡಸಿದ್ದಪ್ಪ, ಮೀಸೆಯ ತುಪ್ಪ ಒರೆಸಿಕೊಂಡು. "ಮಂದಿ ದೇವರಂಥವರು. ನಮಗ ಏನೂ ಬ್ಯಾಡ. ಬಂಗಾರ ನಾವ ಹಾಕ್ತೀವಿ, ಮದುವಿ ನಾವ ಮಾಡ್ಕೊಂಡ ಹೋಗ್ತೀವಿ."

ರಾಮವ್ವ ದೇವರ ಜಗಲಿಯ ಕಡೆ ತಿರುಗಿ ಕೈಮುಗಿದಳು. ಮಾಳೇಶನ ಅಂಗಾಲು ಆಗಲೇ ಮೆತ್ತನೆಯ ಚಪ್ಪಲಿಯನ್ನು ನೆನೆಸಿಕೊಂಡಿತು.

"ಮತ್ತೇನ್ರಿ," ಎಂದರು ಹಿರಿಯರು, "ಹೊತ್ತಾತು. ಇನ್ನ ಹುಡುಗೀನ ಹೊರಗ ಕರೀರಿ."

ಮಾಳೇಶ ತುಪ್ಪದ ಪಾತ್ರೆ ಕೆಳಗಿಟ್ಟ.

"ಯಾವ ಹುಡುಗಿ?" ಎಂದ ಮಾಳೇಶ.

"ನಿಮ್ಮ ಮನ್ಯಾಗಿನ ಹುಡುಗೀರಿ. ನಮ್ಮ ಅಮೋಘಸಿದ್ದಗ ತೋರಿಸೋದು."

"ಮತ್ತ ಇವರು?" ಮಾಳೇಶ ಸುಜಾತಾಳ ಕಡೆ ಕೈಮಾಡಿದ.

"ನನಗ ಎರಡ ಮಕ್ಕಳದಾವ್ರಿ," ಎಂದಳು ಸುಜಾತಾ, ವೇಲು ಸರಿಸಿ ತಾಳಿ ತೋರಿಸಿ. "ಅಣ್ಣಗ ಹುಡುಗಿ ನೋಡಾಕಂತ ಬಂದೀನಿ."

ಎಲ್ಲರೂ ಭೀಮಸಿಯನ್ನು ನೋಡಿದರು. ಅವನು ಹೋಳಿಗೆಯನ್ನು ನೋಡಿದ.

"ಬಂದ ನೋಡ್ತೀವಿ ಅಂದ್ರಿ," ಎಂದ ಮೆಲ್ಲಗೆ. "ಈಗ ಬರಾವ್ರು ಹೆಣ್ಣಿನವರಲ್ಲೇನ್ರಿ?"

"ನಮ್ಮ ಮನಿತನದಾಗ ಇನ್ನೂ ಗಂಡಿನವರ ಹೋಗೂದ್ರಿ," ಎಂದರು ಕಾಡಸಿದ್ದಪ್ಪ. "ನಾವೂ ಗಂಡ ಐತಿ ಅಂತ ಫೋನಿನ್ಯಾಗ ಹೇಳೂದುಲ್ಲ, ಇಟ್ಟಬಿಡ್ತಾರಂತ. ಒಂದ ಮದುವಿ ಮಾಡೋದೈತಿ ಅಂತಷ್ಟ ಅಂದಿದ್ವಿ."

ರಾಮವ್ವ ಬಾಗಿಲಿಗೆ ಒರಗಿ ಕೂತಳು. "ಈ ಮಾಳ್ಯಾ ಹುಟ್ಟಿದಾಗ, ಇನ್ನ ಹೆಣ್ಣ ಕೊಡಬ್ಯಾಡ ತಂದೆ ಅಂತ ನಾನ ಬೇಡ್ಕೊಂಡಿದ್ನಿ," ಎಂದಳು. ಕಾಡಸಿದ್ದಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಮಾಳೇಶ ಮೌನಿಯ ಪಕ್ಕ ಕೂತು ಅವನ ಕಾಲು ನೋಡಿದ. ಹಿಮ್ಮಡಿಯಲ್ಲಿ ಬಿರುಕು, ಹೆಬ್ಬೆರಳಿಗೆ ಹಳೆಯ ಗಾಯ.

"ಮದುವಿ ಆಗೂತನಕ?" ಎಂದ.

"ಆಗೂತನಕ," ಎಂದ ಅಮೋಘಸಿದ್ದ. ಅಂದು ಅವನು ಆಡಿದ ಮೊದಲ ಮಾತು ಅದು. "ಕೂಳೀ ಚುಚ್ಚಿದ್ರ ಬಿಸಿ ಎಣ್ಯಾಗ ಅರಿಷಿಣ ಹಾಕಿ ಹಚ್ಚರಿ. ಬಿಡೂದಂತೂ ಇಲ್ಲ."

"ಬಿಡೂದಿಲ್ಲ," ಎಂದ ಮಾಳೇಶ.

ಬೀಗರಲ್ಲದ ಬೀಗರನ್ನು ಕಳಿಸಲು ಅವನು ಅಂಗಳದ ತನಕ ಬಂದ. ಗಾಳಿ ಬೀಸಿತು. ಇಬ್ಬರು ಬರಿಗಾಲಿನವರೂ ಒಟ್ಟಿಗೇ ಮೂಗೆತ್ತಿದರು. ಓಣಿಯ ಬಾಯಿಂದ, ಕೆಂಚವ್ವನ ಮನೆಯಿಂದ, ಹೊಸ ಹೋಳಿಗೆಯ ಘಮ ಬರುತ್ತಿತ್ತು. ಕುರಿಗಳನ್ನು ಹೊರಗಟ್ಟಿದ ಕೆಂಚವ್ವ ಕಪ್ಪು-ಬಸಿ ತೊಳೆದಿಟ್ಟು, ದಾರಿಗೆ ಅಡ್ಡವಾಗಿ ನಿಂತು ಕೈಬೀಸುತ್ತಿದ್ದಳು. ಅಮೋಲ ಮತ್ತೆ ಟ್ರ್ಯಾಕ್ಟರು ಹತ್ತಿದ್ದ.

"ಆ ಅವ್ವಾರು ಅಷ್ಟ್ಯಾಕ ಕರ್ಯಾಕತ್ತಾರ?" ಎಂದ ಅಮೋಘಸಿದ್ದ, ಕಣ್ಣಲ್ಲಿ ಹೊಸ ಬೆಳಕು ತಂದುಕೊಂಡು. "ಅವರ ಮನ್ಯಾಗ ಏನರ..."

ಮಾಳೇಶ ಹರಕೆಯ ಮನುಷ್ಯ. ಸುಳ್ಳಾಡುವಂತಿರಲಿಲ್ಲ.

"ಹೌದ್ರಿ," ಎಂದ. "ಅವರ ಮನ್ಯಾಗೂ ಒಂದ ಮದುವಿ ಮಾಡೋದೈತಿ."